ಅಟ್ಟದಲ್ಲಿ ಮಲಗಿರುವ ಬ್ಯಾಂಜೊ: ಹುಡುಕುವ ಬಗೆ, ಸಿಕ್ಕ ಮೇಲಿನ ಕೆಲಸ

ಅಮೆರಿಕದ ಹಳೆಯ ಮನೆಗಳಲ್ಲಿ ಇನ್ನೂ ಎಷ್ಟೋ ಬ್ಯಾಂಜೊಗಳು ಸುಮ್ನೆ ಬಿದ್ದಿವೆ. ಅಟ್ಟದಲ್ಲಿ, ಮಂಚದ ಕೆಳಗೆ, ಬಟ್ಟೆ ಬೀರುವಿನ ಮೇಲ್ಗಡೆ ಅರೆಯಲ್ಲಿ. ಅದು ಅಲ್ಲಿದೆ ಅನ್ನುವುದು ಮನೆಯವರಿಗೇ ಮರೆತಿರುತ್ತದೆ. ಅಂಥದ್ದೊಂದನ್ನು ಪತ್ತೆ ಹಚ್ಚಿ, ಧೂಳು ಕೊಡವಿ, ಯಾರದ್ದು, ಯಾವ ಕಾಲದ್ದು ಅಂತ ಬಿಡಿಸುತ್ತಾ ಹೋಗುವುದರಲ್ಲಿ ಒಂದು ಗೀಳು ಹಿಡಿಸುವ ಖುಷಿ ಇದೆ. ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದರೆ ಆ ಖುಷಿ ಸಿಗುವುದಿಲ್ಲ.

ನಾನು ಹೇಳುತ್ತಿರುವುದು ಚರ್ಮ ಬಿಗಿದ ದುಂಡು ಮೈ, ಉದ್ದ ದಂಡಿ ಇರುವ ಅಮೆರಿಕದ ಬ್ಯಾಂಜೊ ಬಗ್ಗೆ. ಗುಂಡಿ ಒತ್ತಿ ನುಡಿಸುವ ಬುಲ್‌ಬುಲ್ ತರಂಗದ ಬಗ್ಗೆ ಅಲ್ಲ.

ಈ ಬೇಟೆಗೆ ಹೊರಡುವವರು ಒಂದು ವಿಷಯ ತಿಳಿದಿರಬೇಕು. ಬ್ಯಾಂಜೊ ಮೊದಲು ಸಿಗುವುದು ಮಾತಿನಲ್ಲಿ, ಆಮೇಲೆ ಕಣ್ಣಿಗೆ. ಹಾಗೇ, ಮನೆಯಲ್ಲಿ ಮೊದಲು ಕಳೆದುಹೋಗುವುದು ವಾದ್ಯದ ಬಿಡಿಭಾಗಗಳಲ್ಲ, ಅದರ ಕಥೆ. ಕೆಳಗಿನ ಕ್ರಮ ಹುಟ್ಟಿದ್ದೇ ಇದರಿಂದ.

ಮೊದಲು: ಯಾವ ಮನೆಯಲ್ಲಿ ಯಾವುದು ಇರಬಹುದು

ಮನೆಗಳಲ್ಲಿ ಸಿಗುವ ಬ್ಯಾಂಜೊಗಳು ಹೆಚ್ಚಾಗಿ ಮೂರು ಅಲೆಗಳಲ್ಲಿ ಬಂದಂಥವು.

ಮೊದಲ ಅಲೆ ಸುಮಾರು 1880ರಿಂದ 1900ರವರೆಗಿನದು. ಆಗ ಬ್ಯಾಂಜೊ ಬೈಠಕ್ ಖಾನೆಗಳಿಗೆ ಬಂದಿತ್ತು. ಕಾಲೇಜುಗಳಲ್ಲಿ ಬ್ಯಾಂಜೊ ಕ್ಲಬ್‌ಗಳಿದ್ದವು, ಹೆಣ್ಣುಮಕ್ಕಳು ಮನೆಗೆ ಮೇಷ್ಟರನ್ನು ಕರೆಸಿ ಕಲಿಯುತ್ತಿದ್ದರು. ಫಿಲಡೆಲ್ಫಿಯಾದ ಎಸ್.ಎಸ್. ಸ್ಟೂವರ್ಟ್, ಬಾಸ್ಟನ್ನಿನ ಫೇರ್‌ಬ್ಯಾಂಕ್ಸ್ ಆ ಕಾಲದ ದೊಡ್ಡ ಹೆಸರುಗಳು. ಇವು ಐದು ತಂತಿಯವು. ಹಿಂಬದಿ ತೆರೆದಿರುತ್ತದೆ, ಮೈ ಹಗುರ. ನುಡಿಸುತ್ತಿದ್ದದ್ದು ಕರುಳಿನ ತಂತಿಯಲ್ಲಿ.

ಎರಡನೆಯ ಅಲೆ ಜಾಸ್ ಕಾಲದ್ದು, ಅಂದರೆ 1915ರ ಆಚೀಚೆಯಿಂದ 1930ರ ತನಕ. ನಾಲ್ಕು ತಂತಿಯ ಟೆನರ್ ಬ್ಯಾಂಜೊ ಆಗ ನೃತ್ಯದ ಬ್ಯಾಂಡುಗಳಲ್ಲಿ ಎಲ್ಲೆಲ್ಲೂ ಇತ್ತು. ಗಿಬ್ಸನ್, ವೇಗ, ಬೇಕನ್ ಅಂಡ್ ಡೇ, ಪ್ಯಾರಮೌಂಟ್, ಲುಡ್ವಿಗ್, ಹೀಗೆ ತಯಾರಕರ ಸಾಲೇ ಇತ್ತು. ಆಮೇಲೆ 1929ರ ಆರ್ಥಿಕ ಕುಸಿತ ಬಂತು, ಸಂಗೀತದ ರುಚಿಯೂ ಬದಲಾಯಿತು, ಬ್ಯಾಂಡುಗಳಲ್ಲಿ ಬ್ಯಾಂಜೊ ಜಾಗಕ್ಕೆ ಗಿಟಾರ್ ಬಂದು ಕೂತಿತು. ಕೆಲವೇ ವರ್ಷಗಳಲ್ಲಿ ಸಾವಿರಾರು ಟೆನರ್ ಬ್ಯಾಂಜೊಗಳು ಪೆಟ್ಟಿಗೆ ಸೇರಿದವು. ಇವತ್ತು ಅಟ್ಟದಲ್ಲಿ ಸಿಗುವುದರಲ್ಲಿ ಬಹುಪಾಲು ಇವೇ.

ಮೂರನೆಯದು 1950ರ ದಶಕದ ಕೊನೆಯಿಂದ 1970ರ ದಶಕದವರೆಗಿನದು. ಬ್ಯಾಂಜೊ ವಾದಕ ಎರ್ಲ್ ಸ್ಕ್ರಗ್ಸ್ 1945ರ ಡಿಸೆಂಬರಿನಲ್ಲಿ ಬಿಲ್ ಮನ್ರೋ ಅವರ ತಂಡ ಸೇರಿದ ಮೇಲೆ, ಬ್ಲೂಗ್ರಾಸ್ ಅನ್ನುವ ಅಮೆರಿಕದ ಹಳ್ಳಿಗಾಡಿನ ಸಂಗೀತದಲ್ಲಿ ಮೂರು ಬೆರಳಿನ ನುಡಿಸಾಣಿಕೆಗೆ ಹೆಸರು ಬಂತು. ಅತ್ತ ಜಾನಪದ ಗಾಯಕ ಪೀಟ್ ಸೀಗರ್ ಅವರಿಂದಾಗಿ ಕಾಲೇಜು ಹುಡುಗರಿಗೆ ಐದು ತಂತಿಯ ಮೋಹ ಹತ್ತಿತು. ಈ ಕಾಲದಲ್ಲಿ ಜಪಾನಿನಿಂದ ಬಂದ ಅಲ್ಯೂಮಿನಿಯಂ ರಿಮ್ಮಿನ (ಚರ್ಮ ಬಿಗಿಯುವ ದುಂಡು ಬಳೆಯ) ಅಗ್ಗದ ಬ್ಯಾಂಜೊಗಳು ಬೇಕಾದಷ್ಟು ಮನೆ ಸೇರಿವೆ. ಹೆಚ್ಚು ಬೆಲೆ ಬರುವಂಥವಲ್ಲ, ಆದರೆ ಕಲಿಯುವವರಿಗೆ ಚೆನ್ನಾಗಿಯೇ ಇವೆ.

ಇವುಗಳ ಹೊರಗೆ ಒಂದು ಗುಂಪು ಇದೆ. ನನಗೆ ಜಾಸ್ತಿ ಇಷ್ಟ ಅದೇ. ಮನೆಯಲ್ಲೇ ಯಾರೋ ಮಾಡಿದ ಬ್ಯಾಂಜೊ. ನಾರ್ತ್ ಕೆರೊಲೈನದ ಗುಡ್ಡಗಾಡಿನಲ್ಲಿ ಮರದ ಚೌಕಟ್ಟಿನ ನಡುವೆ ಸಣ್ಣ ಚರ್ಮ ಬಿಗಿದು ಮಾಡುತ್ತಿದ್ದರು. ಗ್ರೌಂಡ್‌ಹಾಗ್ ಅನ್ನುವ ಅಳಿಲಿನ ಜಾತಿಯ ಪ್ರಾಣಿಯ ತೊಗಲು, ಬೆಕ್ಕಿನ ತೊಗಲು, ಸಿಕ್ಕಿದ್ದು. ರಿಮ್ಮಿಗೆ ಚೀಸ್ ಡಬ್ಬಿಯ ಬಳೆಯನ್ನೋ, ತಗಡಿನ ಡಬ್ಬವನ್ನೋ ಬಳಸಿದ್ದೂ ಉಂಟು. ಇಂಥವಕ್ಕೆ ಹೆಸರಿಲ್ಲ, ನಂಬರಿಲ್ಲ. ಹಾಗಾಗಿ ಮನೆ ಖಾಲಿ ಮಾಡುವಾಗ ಮೊದಲು ಕಸಕ್ಕೆ ಹೋಗುವುದೂ ಇವೇ.

ಕಪ್ಪು ಜನರ ಹಳೆಯ ಮನೆಗಳನ್ನು ಈ ಬೇಟೆಯವರು ತುಂಬಾ ಕಾಲ ಕಡೆಗಣಿಸಿದ್ದರು. ಬ್ಯಾಂಜೊದ ಬೇರು ಇರುವುದು ಆಫ್ರಿಕದಲ್ಲಿ. ಗುಲಾಮರಾಗಿ ಸಾಗಿಸಲ್ಪಟ್ಟ ಜನ ಕೆರಿಬಿಯನ್ ದ್ವೀಪಗಳಲ್ಲಿ, ಅಮೆರಿಕದಲ್ಲಿ ಸೋರೆ ಬುರುಡೆಗೆ ಚರ್ಮ ಬಿಗಿದು ಮಾಡಿಕೊಂಡ ವಾದ್ಯ ಇದು. ಆ ಕಾಲದ್ದು ಉಳಿದಿರುವುದು ಬೆರಳೆಣಿಕೆಯಷ್ಟು. 1770ರ ದಶಕದಲ್ಲಿ ಸುರಿನಾಮಿನಿಂದ ಬಂದದ್ದು ನೆದರ್‌ಲೆಂಡ್ಸಿನ ಲೈಡನ್ನಿನಲ್ಲಿದೆ. ಹೈಟಿಯಿಂದ ಬಂದ ಇನ್ನೊಂದು ಪ್ಯಾರಿಸ್ಸಿನ ಮ್ಯೂಸಿಯಂನಲ್ಲಿದೆ. ನಾರ್ತ್ ಕೆರೊಲೈನದ ಕೆಲವು ಕಪ್ಪು ಕುಟುಂಬಗಳಲ್ಲಿ ಬ್ಯಾಂಜೊ, ಪಿಟೀಲು ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ನಡೆದುಬಂದವು. ಪಿಟೀಲಿನ ಜೋ ಥಾಂಪ್ಸನ್, ಬ್ಯಾಂಜೊದ ಓಡೆಲ್ ಥಾಂಪ್ಸನ್ ಸಂಬಂಧದಲ್ಲಿ ಅಣ್ಣತಮ್ಮಂದಿರು. ಮನೆಯಲ್ಲಿ ಕಲಿತದ್ದನ್ನೇ ದೊಡ್ಡ ವೇದಿಕೆಗಳಿಗೆ ತಂದವರು. ‘ಇಂಥ ಮನೆಯಲ್ಲಿ ಬ್ಯಾಂಜೊ ಎಲ್ಲಿರುತ್ತೆ’ ಅಂದುಕೊಂಡು ಯಾವ ಬಾಗಿಲನ್ನೂ ದಾಟಿ ಹೋಗಬೇಡಿ.

ಕೇಳುವ ಕಲೆ

‘ನಿಮ್ಮ ಮನೆಯಲ್ಲಿ ಬ್ಯಾಂಜೊ ಇದೆಯಾ?’ ಅಂತ ಕೇಳಿದರೆ ‘ಇಲ್ಲ’ ಅನ್ನುವ ಉತ್ತರವೇ ಬರುವುದು ಜಾಸ್ತಿ. ಸುಳ್ಳು ಹೇಳುತ್ತಾರೆ ಅಂತಲ್ಲ. ಅವರ ಮನಸ್ಸಿನಲ್ಲಿ ಅದು ‘ಅಜ್ಜನ ಹಳೆ ಗಿಟಾರ್’, ‘ಯುಕುಲೇಲೆ’, ‘ಆ ಡ್ರಮ್ಮಿನಂಥದ್ದು’ ಅಂತ ಕೂತಿರುತ್ತದೆ.

ಜನರಿಂದ ಶುರು ಮಾಡಿ. ಮನೆಯಲ್ಲಿ ಮೊದಲು ಯಾರು ಹಾಡುತ್ತಿದ್ದರು, ನುಡಿಸುತ್ತಿದ್ದರು? ಹಬ್ಬಕ್ಕೆ ಎಲ್ಲರೂ ಸೇರಿದಾಗ ಸಂಗೀತ ಇರುತ್ತಿತ್ತಾ? ಅಜ್ಜ ಬ್ಯಾಂಡಿನಲ್ಲಿದ್ದರಾ? ಅವರು ಯಾವಾಗ ನಿಲ್ಲಿಸಿದರು, ಯಾಕೆ? ಅಲ್ಲಿಗೆ ಬಂದ ಮೇಲೆ ಮುಖ್ಯ ಪ್ರಶ್ನೆ ಕೇಳಿ: ಅವರು ಹೋದ ಮೇಲೆ ಅವರ ಸಾಮಾನು ಯಾರ ಪಾಲಿಗೆ ಹೋಯಿತು?

ವಾದ್ಯ ಹೆಚ್ಚಾಗಿ ಹೋಗುವುದು ನುಡಿಸುವವರ ಮನೆಗಲ್ಲ. ಎಲ್ಲಿ ಜಾಗ ಇದೆಯೋ ಅಲ್ಲಿಗೆ. ದೊಡ್ಡ ಮನೆಯ ದೊಡ್ಡಪ್ಪ, ಕೊಟ್ಟಿಗೆ ಇರುವ ಸೋದರಮಾವ, ಏನನ್ನೂ ಬಿಸಾಡದ ಅತ್ತೆ. ಆ ಅತ್ತೆಯ ಫೋನ್ ನಂಬರ್ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಕೈಯಲ್ಲಿ ಕೆಲವು ಚಿತ್ರಗಳಿರಲಿ. ಐದು ತಂತಿಯದ್ದು, ನಾಲ್ಕು ತಂತಿಯದ್ದು, ಎಂಟು ತಂತಿಯ ಬ್ಯಾಂಜೊ ಮ್ಯಾಂಡೊಲಿನ್, ಪುಟ್ಟ ಬ್ಯಾಂಜೊ ಯುಕುಲೇಲೆ. ತೋರಿಸಿದ ತಕ್ಷಣ ‘ಅಯ್ಯೋ, ಇದಾ! ಇದು ಗೋಡೆ ಮೇಲಿತ್ತಲ್ಲ’ ಅನ್ನುವವರಿದ್ದಾರೆ. ವಯಸ್ಸಾದವರ ಜೊತೆ ಕೂತಾಗ ಅವಸರ ಬೇಡ. ಅನುಮತಿ ಕೇಳಿ ಧ್ವನಿಮುದ್ರಣ ಮಾಡಿಕೊಳ್ಳಿ. ಬ್ಯಾಂಜೊ ಸಿಗದಿದ್ದರೂ ಆ ಮಾತು ಮನೆಯವರಿಗೆ ಬೇಕಾಗುತ್ತದೆ.

ಈ ಹಂತದಲ್ಲಿ ಬೆಲೆಯ ಸುದ್ದಿ ಎತ್ತಲೇಬೇಡಿ. ಹಣದ ಮಾತು ಬಂದ ಕೂಡಲೇ ಕಥೆ ನಿಂತುಹೋಗುತ್ತದೆ.

ಹಳೆಯ ಫೋಟೊ, ಹಳೆಯ ಕಾಗದ

ಮನೆಯ ಆಲ್ಬಮ್ ತರಿಸಿ. ಮೆಟ್ಟಿಲ ಮೇಲೆ ಸಾಲಾಗಿ ಕೂತ ನೆಂಟರ ನಡುವೆ ಯಾರದೋ ಮಡಿಲಲ್ಲಿ ಬ್ಯಾಂಜೊ ಇದ್ದರೆ ಅದು ಪಕ್ಕಾ ಸುಳಿವು. ಫೋಟೊವನ್ನು ಚೆನ್ನಾಗಿ ಸ್ಕ್ಯಾನ್ ಮಾಡಿ, ದೊಡ್ಡದು ಮಾಡಿ ನೋಡಿ. ದಂಡಿಯ ತುದಿಯ ಆಕಾರ, ಅಲ್ಲಿನ ಮುತ್ತಿನ ಚಿಪ್ಪಿನ ಕೆತ್ತನೆ, ರಿಮ್ಮಿನ ಸುತ್ತ ಚರ್ಮ ಬಿಗಿಯುವ ಕೊಕ್ಕೆಗಳ ಸಂಖ್ಯೆ, ತಂತಿ ಬಿಗಿಮಾಡುವ ಬಿರಡೆಗಳು. ಮುಂದೆ ವಾದ್ಯ ಸಿಕ್ಕಾಗ ಇದೇ ಅದಾ ಅಂತ ಹೋಲಿಸಲು ಇವು ಸಾಕು.

ಟಿನ್‌ಟೈಪ್ ಅನ್ನುವ ಕಬ್ಬಿಣದ ತಗಡಿನ ಫೋಟೊ ಆಗಿದ್ದರೆ ಎಚ್ಚರ. ಅದರಲ್ಲಿ ಎಡ ಬಲ ತಿರುಗುಮುರುಗಾಗಿರುತ್ತದೆ. ಮುತ್ತಜ್ಜ ಎಡಗೈಯಲ್ಲಿ ನುಡಿಸುತ್ತಿದ್ದರು ಅನ್ನುವ ಎಷ್ಟೋ ಮನೆಗಳ ನಂಬಿಕೆ ಹುಟ್ಟಿದ್ದು ಹೀಗೆ. ಕಂಪ್ಯೂಟರಿನಲ್ಲಿ ಚಿತ್ರ ತಿರುಗಿಸಿದರೆ ದಂಡಿಯ ಪಕ್ಕದಲ್ಲಿರುವ ಐದನೆಯ ಬಿರಡೆ ತನ್ನ ಜಾಗಕ್ಕೆ ಬರುತ್ತದೆ, ಮುತ್ತಜ್ಜ ಬಲಗೈಯವರಾಗುತ್ತಾರೆ.

ಆಸ್ತಿ ಹಂಚಿಕೆಯ ಪಟ್ಟಿ, ಉಯಿಲು, ಕಾಲೇಜಿನ ವಾರ್ಷಿಕ ಪುಸ್ತಕ, ಊರ ಪತ್ರಿಕೆಯ ಚಿಕ್ಕ ಸುದ್ದಿ, ಇವನ್ನೂ ನೋಡಿ. ‘ಒಂದು ಬ್ಯಾಂಜೊ, ಪೆಟ್ಟಿಗೆ ಸಮೇತ’ ಅಂತ ಪಟ್ಟಿಯಲ್ಲಿ ಬರೆದಿದ್ದರೆ ಅದು ಆ ದಿನಾಂಕಕ್ಕೆ ಮನೆಯಲ್ಲಿತ್ತು ಅನ್ನುವುದು ಖಚಿತ.

ಎಲ್ಲಿ ಕೈ ಹಾಕಬೇಕು

ಮನೆಯವರ ಜೊತೆಯಲ್ಲೇ ಹುಡುಕಿ, ಒಬ್ಬರೇ ಬೇಡ. ಅಟ್ಟ, ನೆಲಮಾಳಿಗೆ, ಮಂಚದಡಿ, ಬೀರುವಿನ ಹಿಂಬದಿ, ಗ್ಯಾರೇಜು, ಕೊಟ್ಟಿಗೆ. ಬೆಂಕಿಗೂಡಿನ ಮೇಲೆ ಅಲಂಕಾರಕ್ಕೆ ತೂಗುಹಾಕಿದ್ದನ್ನು ಮರೆಯಬೇಡಿ. ಎಲ್ಲರ ಕಣ್ಣೆದುರೇ ಇರುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬ್ಯಾಂಜೊ ಬಿಡಿಬಿಡಿಯಾಗಿ ಚದುರಿರುವುದೂ ಉಂಟು. ಹಿಂಬದಿಯ ರೆಸೊನೇಟರ್ ದುಂಡನೆಯ ಮರದ ತಟ್ಟೆಯ ಹಾಗೆ ಕಾಣುತ್ತದೆ, ಅದು ಬೇರೆ ಕಡೆ ಸೇರಿಕೊಂಡಿರಬಹುದು. ತಂತಿಗಳನ್ನು ಚರ್ಮದ ಮೇಲೆ ಎತ್ತಿ ಹಿಡಿಯುವ ಪುಟ್ಟ ಮರದ ತುಂಡು, ಅಂದರೆ ಕುದುರೆಯನ್ನು ಅಂಟಿಸಿರುವುದಿಲ್ಲ, ತಂತಿಯ ಒತ್ತಡದಲ್ಲಿ ಮಾತ್ರ ನಿಂತಿರುತ್ತದೆ. ತಂತಿ ಸಡಿಲವಾದರೆ ಬಿದ್ದುಹೋಗುತ್ತದೆ. ಹಾಗಾಗಿ ಹೊಲಿಗೆ ಡಬ್ಬಿ, ಗುಂಡಿಗಳ ಡಬ್ಬ, ಮೇಜಿನ ಖಾನೆ ನೋಡಿ. ಬಿರಡೆ, ಕುದುರೆ, ಕೊಕ್ಕೆ ಬಿಗಿಮಾಡುವ ಪುಟ್ಟ ಕೀ ಅಲ್ಲಿರುತ್ತವೆ.

ಇನ್ನೊಂದು ಪ್ರಶ್ನೆ ತುಂಬಾ ಮುಖ್ಯ: ‘ಇದರ ಹಳೇ ದಂಡಿ ಎಲ್ಲಿ?’ ಬ್ಲೂಗ್ರಾಸ್ ಬಂದ ಮೇಲೆ ಹಳೆಯ ಟೆನರ್ ಬ್ಯಾಂಜೊಗಳ ನಾಲ್ಕು ತಂತಿಯ ದಂಡಿ ತೆಗೆದು ಐದು ತಂತಿಯದ್ದನ್ನು ಹಾಕಿಸುವುದು ರೂಢಿಯಾಯಿತು. ಬಿಚ್ಚಿಟ್ಟ ಮೂಲ ದಂಡಿ ಗ್ಯಾರೇಜಿನ ಮೂಲೆಯಲ್ಲೋ, ತೊಲೆಯ ಮೇಲೋ ಇರಬಹುದು. ಒಳ್ಳೆಯ ಗಿಬ್ಸನ್ನಿಗೆ ಅದು ಜೊತೆಗಿದ್ದರೆ ಬೆಲೆಯೂ ಹೆಚ್ಚು, ಇತಿಹಾಸವೂ ಪೂರ್ತಿ.

ಪೆಟ್ಟಿಗೆ ತೆರೆಯುವಾಗ

ಇಲ್ಲಿ ಎದೆ ಬಡಿತ ಏರುತ್ತದೆ. ಆದರೂ ಕೈ ನಿಧಾನ ಇರಲಿ. ಮುಚ್ಚಳ ಎತ್ತುವ ಮುಂಚೆ ಪೆಟ್ಟಿಗೆಯ ಫೋಟೊ, ಎತ್ತಿದ ಕೂಡಲೇ ಒಳಗಿನದ್ದರ ಫೋಟೊ ತೆಗೆಯಿರಿ. ಯಾವುದು ಎಲ್ಲಿ ಇತ್ತು ಅನ್ನುವುದು ಆಮೇಲೆ ನೆನಪಿರುವುದಿಲ್ಲ.

ಬೂಷ್ಟಿನ ವಾಸನೆ ಬಂದರೆ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಹೊರಗೆ ನೆರಳಿನಲ್ಲಿ ತೆರೆಯಿರಿ. ಬಿಸಿಲಿಗೆ ಬೇಡ. ಪುಡಿ ಉದುರಿದ್ದರೆ, ಚರ್ಮದ ಅಂಚು ಕೊರೆದಿದ್ದರೆ ಹುಳು ಇದೆ ಅಂತ ಅರ್ಥ. ಅಂಥದ್ದನ್ನು ಬೇರೆ ವಾದ್ಯಗಳ ಪಕ್ಕ ಇಡಬೇಡಿ. ಕರ್ಪೂರದಂಥ ವಾಸನೆ ಬಂದರೆ ಬಿರಡೆಯ ಗುಂಡಿಯೋ ಅಲಂಕಾರದ ಹೊದಿಕೆಯೋ ಸೆಲ್ಯುಲಾಯ್ಡಿನದ್ದು. ಹಳೆಯ ಸೆಲ್ಯುಲಾಯ್ಡ್ ಕೆಡುತ್ತಾ ಹೋದಂತೆ ಆಮ್ಲದ ಆವಿ ಬಿಟ್ಟು ಪಕ್ಕದ ಲೋಹವನ್ನು ತಿನ್ನುತ್ತದೆ. ಬೆಂಕಿಯನ್ನಂತೂ ಬೇಗ ಹಿಡಿಯುತ್ತದೆ. ಗಾಳಿಯಾಡುವ ಕಡೆ ಇಡಿ.

ಪೆಟ್ಟಿಗೆಯ ಚಿಕ್ಕ ಖಾನೆಯೇ ನಿಜವಾದ ನಿಧಿ. ತಂತಿಯ ಲಕೋಟೆ, ಅಂಗಡಿಯ ರಸೀದಿ, ಮೇಷ್ಟರ ಕಾರ್ಡು, ಕೈಬರಹದ ಹಾಡಿನ ಪಟ್ಟಿ. ಒಂದು ರಸೀದಿ ಸಿಕ್ಕರೆ ವರ್ಷ, ಊರು, ಬೆಲೆ ಮೂರೂ ಸಿಕ್ಕವು. ಕೆಲವೊಮ್ಮೆ ಬಿಳಿಯರು ಮುಖಕ್ಕೆ ಕಪ್ಪು ಬಳಿದುಕೊಂಡು ಆಡುತ್ತಿದ್ದ ಮಿನ್‌ಸ್ಟ್ರೆಲ್ ಪ್ರದರ್ಶನಗಳ ಹಾಳೆಗಳು ಸಿಗುತ್ತವೆ. ಕಪ್ಪು ಜನರನ್ನು ಹೀಯಾಳಿಸುವ ಚಿತ್ರಗಳಿರುತ್ತವೆ. ನೋಡಲು ಕಷ್ಟ. ಆದರೂ ಹರಿದು ಹಾಕಬೇಡಿ, ಮುಚ್ಚಿಡಲೂ ಬೇಡಿ. ಈ ವಾದ್ಯ ನಡೆದುಬಂದ ದಾರಿಯ ದಾಖಲೆ ಅದು.

ಚರ್ಮ ಹರಿದಿದ್ದರೂ ಬಿಸಾಡುವಂತಿಲ್ಲ. ನುಡಿಸುವವರು ಅದರ ಮೇಲೆ ಹೆಸರು, ಊರು, ಕಾರ್ಯಕ್ರಮದ ದಿನಾಂಕ ಬರೆಯುತ್ತಿದ್ದರು. ಒಳಮೈಯನ್ನೂ ಟಾರ್ಚ್ ಹಾಕಿ ನೋಡಿ.

ಗುರುತು ಓದುವುದು

ಒಂದು ಟಾರ್ಚ್, ಚಿಕ್ಕ ಕನ್ನಡಿ, ಅಳತೆ ಟೇಪು. ಇಷ್ಟು ಸಾಕು.

ಮೊದಲು ತಂತಿಗಳ ಬದಲು ಬಿರಡೆಗಳನ್ನು ಎಣಿಸಿ. ತಂತಿ ಹೋಗಿರಬಹುದು, ತೂತಂತೂ ಉಳಿದಿರುತ್ತದೆ. ದಂಡಿಯ ಪಕ್ಕದಲ್ಲಿ, ಐದನೆಯ ಫ್ರೆಟ್ಟಿನ (ದಂಡಿಗೆ ಅಡ್ಡಲಾಗಿ ಕೂರಿಸಿದ ಲೋಹದ ಗೆರೆಯ) ಹತ್ತಿರ ಒಂಟಿ ಬಿರಡೆ ಇದ್ದರೆ ಅದು ಐದು ತಂತಿಯದ್ದು. ನಾಲ್ಕೇ ಇದ್ದು, 17 ಅಥವಾ 19 ಫ್ರೆಟ್ ಇದ್ದರೆ ಟೆನರ್. ನಾಲ್ಕು ತಂತಿಯೇ, ಆದರೆ ದಂಡಿ ಉದ್ದ, 22 ಫ್ರೆಟ್ ಇದ್ದರೆ ಪ್ಲೆಕ್ಟ್ರಮ್. ಎಂಟಿದ್ದರೆ ಬ್ಯಾಂಜೊ ಮ್ಯಾಂಡೊಲಿನ್. ಐದು ತಂತಿಯದ್ದೇ ಆಗಿ ತೀರಾ ಪುಟ್ಟದಾಗಿದ್ದರೆ ಆಟಿಕೆ ಅಂದುಕೊಳ್ಳಬೇಡಿ. ಬ್ಯಾಂಜೊ ತಂಡಗಳಿಗಾಗಿ ಮಾಡಿದ ಪಿಕೊಲೊ ಬ್ಯಾಂಜೊ ಇರಬಹುದು. ಫ್ರೆಟ್ಟೇ ಇಲ್ಲದ ನುಣುಪು ದಂಡಿ ಕಂಡರೆ ಇನ್ನೂ ಹುಷಾರಾಗಿ ನೋಡಿ. ಅದು 1880ಕ್ಕಿಂತ ಹಿಂದಿನದ್ದಿರಬಹುದು, ಅಥವಾ ಗುಡ್ಡಗಾಡಿನಲ್ಲಿ ಮನೆಯಲ್ಲೇ ಮಾಡಿದ್ದಿರಬಹುದು.

ಇಂಗ್ಲೆಂಡಿನ ಮನೆಗಳಲ್ಲಿ ಹುಡುಕುವವರಿಗೆ ಇನ್ನೊಂದು ಸೋಜಿಗ ಕಾದಿದೆ. ದಂಡಿಯ ಪಕ್ಕದಲ್ಲಿ ಬಿರಡೆ ಇಲ್ಲ, ತುದಿಯಲ್ಲಿ ಆರು ಬಿರಡೆ, ತಂತಿ ಮಾತ್ರ ಐದು! ಅದು ಜಿತರ್ ಬ್ಯಾಂಜೊ. ಐದನೆಯ ತಂತಿ ದಂಡಿಯೊಳಗಿನ ಸುರಂಗದಲ್ಲಿ ಹಾದು ತುದಿಗೆ ಹೋಗುತ್ತದೆ. ಗಿಟಾರಿನ ಹಾಗೆ ಮೂರು ಮೂರರ ಬಿರಡೆ ಪಟ್ಟಿ ಹಾಕಿದ್ದರಿಂದ ಆರನೆಯದು ಸುಮ್ನೆ ಉಳಿದುಕೊಳ್ಳುತ್ತದೆ. ಏನೋ ಕಳೆದುಹೋಗಿದೆ ಅಂದುಕೊಳ್ಳಬೇಕಿಲ್ಲ.

ಈಗ ಒಳಗೆ ನೋಡಿ. ಹಿಂಬದಿ ತೆರೆದ ಬ್ಯಾಂಜೊದಲ್ಲಿ ರಿಮ್ಮಿನ ಒಳಗೆ ಅಡ್ಡಲಾಗಿ ಒಂದು ಕೋಲು ಇರುತ್ತದೆ, ಡವೆಲ್ ಸ್ಟಿಕ್ ಅನ್ನುತ್ತಾರೆ. ತಯಾರಕರ ಹೆಸರು, ನಂಬರ್ ಹೆಚ್ಚಾಗಿ ಅಲ್ಲೇ ಒತ್ತಿರುತ್ತಾರೆ. ರಿಮ್ಮಿನ ಒಳಗೋಡೆಯಲ್ಲೂ ನಂಬರ್ ಇರುವುದುಂಟು. ಎರಡೂ ಒಂದೇ ಆಗಿದ್ದರೆ ದಂಡಿ, ರಿಮ್ ಹುಟ್ಟಿನಿಂದ ಜೊತೆಗಿದ್ದವು. ಬೇರೆ ಬೇರೆಯಾಗಿದ್ದರೆ ಯಾರೋ ಎರಡನ್ನು ಸೇರಿಸಿದ್ದಾರೆ. ರೆಸೊನೇಟರ್ ಇದ್ದರೆ ಅದರ ಸ್ಕ್ರೂಗಳನ್ನು ಕೈಯಲ್ಲೇ ಬಿಚ್ಚಬಹುದು. ತುಕ್ಕು ಹಿಡಿದು ಬಾರದಿದ್ದರೆ ಬಲ ಹಾಕಬೇಡಿ, ಬಿಟ್ಟುಬಿಡಿ.

ಕೆಲವು ಗುರುತುಗಳು ಬೇಗ ಉಪಯೋಗಕ್ಕೆ ಬರುತ್ತವೆ. ‘ಫೇರ್‌ಬ್ಯಾಂಕ್ಸ್ ಅಂಡ್ ಕೋಲ್’ ಅಂತಿದ್ದರೆ 1880ರಿಂದ 1890ರ ನಡುವಿನದು. ಆಮೇಲೆ ಇಬ್ಬರೂ ಬೇರೆಯಾದರು. ಫೇರ್‌ಬ್ಯಾಂಕ್ಸ್ ಕಂಪನಿಯನ್ನು 1904ರಲ್ಲಿ ವೇಗ ಅನ್ನುವ ಕಂಪನಿ ಕೊಂಡುಕೊಂಡಿತು. ಇವರದೇ ವೈಟ್ ಲೇಡಿ ಮಾದರಿ ಬಂದದ್ದು 1901ರಲ್ಲಿ, ಟ್ಯೂಬಾಫೋನ್ 1909ರಲ್ಲಿ. ಗಿಬ್ಸನ್ ಬ್ಯಾಂಜೊ ಶುರು ಮಾಡಿದ್ದೇ 1918ರಲ್ಲಿ, ಮಾಸ್ಟರ್‌ಟೋನ್ ಹೆಸರು ಬಂದದ್ದು 1925ರಲ್ಲಿ. ಬಾಲ್ಟಿಮೋರಿನ ಬೌಚರ್ ಹೆಸರು ಕಂಡರೆ ಕೆಳಗಿಟ್ಟು ಒಂದು ಸಲ ಉಸಿರೆಳೆದುಕೊಳ್ಳಿ. ಅದು ಅಮೆರಿಕದ ಅಂತರ್ಯುದ್ಧಕ್ಕೂ ಹಿಂದಿನ ಕಾಲದ್ದಿರಬಹುದು, ಮ್ಯೂಸಿಯಂಗೆ ಹೋಗುವಂಥದ್ದು.

ಹೆಸರೇ ಇಲ್ಲದಿದ್ದರೂ ಬೇಜಾರು ಬೇಡ. ನ್ಯೂಯಾರ್ಕಿನ ಬಕ್‌ಬೀ ಕಾರ್ಖಾನೆ ಬೇರೆ ವ್ಯಾಪಾರಿಗಳಿಗೆ ಹೆಸರಿಲ್ಲದೆ ಬೇಕಾದಷ್ಟು ಮಾಡಿಕೊಟ್ಟಿದೆ. ಅತ್ತ ಸಿಯರ್ಸ್ ರೋಬಕ್ ಕ್ಯಾಟಲಾಗಿನಲ್ಲಿ ಕೆಲವೇ ಡಾಲರಿಗೆ ಬ್ಯಾಂಜೊ ಅಂಚೆಯಲ್ಲಿ ಮನೆಗೆ ಬರುತ್ತಿತ್ತು.

ಪೇಟೆಂಟ್ ದಿನಾಂಕ ನೋಡಿ ಮೋಸ ಹೋಗಬೇಡಿ. ತಂತಿಗಳ ಬುಡ ಸಿಕ್ಕಿಸುವ ಟೇಲ್‌ಪೀಸಿನ ಮೇಲೆ 1887 ಅಂತಿದ್ದರೆ ವಾದ್ಯ 1887ರದ್ದು ಅಂತಲ್ಲ. ಅದಕ್ಕಿಂತ ಹಿಂದಿನದಲ್ಲ ಅಂತ ಮಾತ್ರ. ಅದೂ ಟೇಲ್‌ಪೀಸ್ ಮೂಲದ್ದೇ ಆಗಿದ್ದರೆ.

ಉದ್ದ ಅಳೆಯುವುದು ಸುಲಭ. ದಂಡಿಯ ತುದಿಯಲ್ಲಿ ತಂತಿಗಳು ಹಾದುಹೋಗುವ ಗೀರುಗಳಿರುವ ಪಟ್ಟಿಯಿಂದ, ಅಂದರೆ ನಟ್ಟಿನಿಂದ, 12ನೆಯ ಫ್ರೆಟ್ಟಿನವರೆಗೆ ಅಳೆದು ಎರಡರಿಂದ ಗುಣಿಸಿ. ಕುದುರೆ ಕಳೆದಿದ್ದರೂ ಅದು ಎಲ್ಲಿ ನಿಲ್ಲಬೇಕು ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. ಚರ್ಮದ ಮೇಲೆ ಅದರ ಹಳೆಯ ಗುರುತೂ ಇರುತ್ತದೆ.

ಮನೆಯ ಕಥೆಯನ್ನು ವಾದ್ಯದ ಜೊತೆ ಒರೆಗೆ ಹಚ್ಚುವುದು

‘ಮುತ್ತಜ್ಜನ ಅಪ್ಪ ಇದನ್ನು ಅಂತರ್ಯುದ್ಧಕ್ಕೆ ತೆಗೆದುಕೊಂಡು ಹೋಗಿದ್ದರು.’ ಈ ಮಾತು ತುಂಬಾ ಮನೆಗಳಲ್ಲಿ ಕೇಳುತ್ತದೆ. ಯುದ್ಧ ಮುಗಿದದ್ದು 1865ರಲ್ಲಿ. ಕೈಯಲ್ಲಿರುವುದು ನಾಲ್ಕು ತಂತಿಯ ಟೆನರ್ ಆದರೆ ಆ ಮಾತು ನಡೆಯುವುದಿಲ್ಲ. ಆದರೂ ಮುಖಕ್ಕೆ ಹೊಡೆದ ಹಾಗೆ ಹೇಳಬೇಕಿಲ್ಲ. ಎರಡು ತಲೆಮಾರಿನ ಇಬ್ಬರು ಬ್ಯಾಂಜೊ ಹಿಡಿದಿದ್ದು, ನೆನಪಿನಲ್ಲಿ ಒಬ್ಬರೇ ಆಗಿರುವುದು ಸಾಮಾನ್ಯ. ಹಾಗಿದ್ದರೆ ಮೊದಲನೆಯ ಬ್ಯಾಂಜೊ ಏನಾಯಿತು? ನನ್ನ ಪ್ರಕಾರ ಇದು ಈ ಬೇಟೆಯ ಅತ್ಯಂತ ರುಚಿಯ ಪ್ರಶ್ನೆ. ತಪ್ಪು ಕಥೆಯೊಂದು ಇನ್ನೊಂದು ಮನೆಯ ಬಾಗಿಲು ತೋರಿಸಬಹುದು.

ಕೇಳಿದ ಕಥೆಯನ್ನೂ ಕಂಡ ಸಂಗತಿಯನ್ನೂ ಬೇರೆ ಬೇರೆಯಾಗಿ ಬರೆದಿಡಿ. ‘ಮೊಮ್ಮಗಳು ಹೇಳಿದ್ದು’ ಒಂದು ಕಡೆ, ‘ಡವೆಲ್ ಸ್ಟಿಕ್ಕಿನ ಮೇಲೆ ಇರುವುದು’ ಇನ್ನೊಂದು ಕಡೆ. ಯಾರು ಹೇಳಿದರು, ಯಾವ ದಿನ ಅನ್ನುವುದೂ ಇರಲಿ. ಆಮ್ಲ ಇಲ್ಲದ ಕಾಗದದಲ್ಲಿ ಬರೆದು ಪೆಟ್ಟಿಗೆಯ ಖಾನೆಯಲ್ಲಿ ಒಂದು ಪ್ರತಿ ಇಡಿ, ಮನೆಯವರಿಗೆ ಒಂದು ಕೊಡಿ. ವಾದ್ಯ ಕೈ ಬದಲಾದರೂ ಕಥೆ ಜೊತೆಗೇ ಹೋಗುತ್ತದೆ.

ಕೈ ಕಟ್ಟಿಕೊಂಡಿರಬೇಕಾದ ಜಾಗ

ಸಿಕ್ಕ ಖುಷಿಯಲ್ಲಿ ಜನ ಹಾಳುಮಾಡುವುದು ಇಲ್ಲೇ. ಹಿತ್ತಾಳೆ ಪಾಲಿಶ್ ಹಾಕಿ ಉಜ್ಜಬೇಡಿ, ತೆಳ್ಳಗಿನ ನಿಕಲ್ ಲೇಪ ಎದ್ದುಹೋಗುತ್ತದೆ. ಚರ್ಮಕ್ಕೆ ಎಣ್ಣೆ ಬೇಡ, ನೀರೂ ಬೇಡ. ಬಿರುಕಿಗೆ ಎಪಾಕ್ಸಿ, ಸೂಪರ್ ಗ್ಲೂ ಮುಟ್ಟಿಸಲೇಬೇಡಿ. ಹಳೆಯ ವಾದ್ಯಗಳಲ್ಲಿ ಇರುವುದು ಪ್ರಾಣಿಯ ಅಂಟು. ಅದನ್ನು ಬಲ್ಲವರು ಬಿಡಿಸಿ ಮತ್ತೆ ಕೂರಿಸಬಲ್ಲರು. ಹೊಸ ಅಂಟು ಹಾಕಿದರೆ ಆ ದಾರಿ ಮುಚ್ಚಿತು. ಒಣ ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆಯಿರಿ. ಅಷ್ಟಕ್ಕೇ ನಿಲ್ಲಿಸಿ.

ಎಲ್ಲಕ್ಕಿಂತ ದೊಡ್ಡ ಆಸೆ ಒಮ್ಮೆ ಶ್ರುತಿ ಮಾಡಿ ನುಡಿಸಿಬಿಡೋಣ ಅನ್ನುವುದು. ತಡೆದುಕೊಳ್ಳಿ. ಕರುಳಿನ ತಂತಿಗೆಂದು ಮಾಡಿದ ದಂಡಿ ಉಕ್ಕಿನ ತಂತಿಯ ಎಳೆತ ತಾಳುವುದಿಲ್ಲ. ಬಾಗುತ್ತದೆ, ಬುಡದಲ್ಲಿ ಬಾಯಿ ಬಿಡುತ್ತದೆ. ತಂತಿ ಬಿಗಿಯಾಗಿದ್ದರೆ ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿ. ಹಳೆಯ ವಾದ್ಯ ಬಲ್ಲ ರಿಪೇರಿಯವರು ನೋಡಿ ಒಪ್ಪಿದ ಮೇಲೆ ನೈಲಾನ್ ತಂತಿಯಲ್ಲಿ ನುಡಿಸಬಹುದು. ಬೆಚ್ಚನೆಯ, ದುಂಡಗಿನ ದನಿ ಬರುತ್ತದೆ. ಉಕ್ಕಿನ ಕಿರುಚಿಗಿಂತ ನನಗೆ ಅದೇ ಇಷ್ಟ.

ಹಣ, ಮನೆಯವರು, ನ್ಯಾಯ

ಅಟ್ಟದ ಬ್ಯಾಂಜೊಗಳಲ್ಲಿ ಬಹುಪಾಲಿಗೆ ದೊಡ್ಡ ಬೆಲೆ ಇಲ್ಲ. ಕ್ಯಾಟಲಾಗಿನ ಅಗ್ಗದ ಬ್ಯಾಂಜೊಗೆ ಕೆಲವು ನೂರು ಡಾಲರ್ ಬಂದರೆ ಹೆಚ್ಚು. ಆದರೆ ಎರಡನೆಯ ಮಹಾಯುದ್ಧಕ್ಕೆ ಮುಂಚಿನ, ಹುಟ್ಟಿನಿಂದಲೇ ಐದು ತಂತಿಯ, ಫ್ಲಾಟ್‌ಹೆಡ್ ಟೋನ್ ರಿಂಗಿನ (ಚರ್ಮದ ಅಡಿಯಲ್ಲಿ ರಿಮ್ಮಿನ ಮೇಲೆ ಕೂರುವ ಒಂದು ಬಗೆಯ ಲೋಹದ ಬಳೆಯ) ಗಿಬ್ಸನ್ ಮಾಸ್ಟರ್‌ಟೋನ್ ಸಿಕ್ಕರೆ ಮಾತೇ ಬೇರೆ. ಅಂಥವು ಒಂದು ಲಕ್ಷ ಡಾಲರ್ ದಾಟಿ ಮಾರಾಟವಾಗಿವೆ. ಗಿಬ್ಸನ್ನಿನಲ್ಲಿ ಟಿಬಿ ಅಂದರೆ ಟೆನರ್, ಆರ್‌ಬಿ ಅಂದರೆ ಐದು ತಂತಿಯದ್ದು. ಬೆಲೆ ಹೆಚ್ಚು ಅಂದ ಮೇಲೆ ನಕಲಿಯೂ ಇದ್ದೇ ಇರುತ್ತದೆ. ಹೆಸರಿನ ಚೀಟಿ ನೋಡಿ ನಂಬಬೇಡಿ, ಬಲ್ಲವರು ಬಿಚ್ಚಿ ನೋಡಬೇಕು.

ನಿಮಗೆ ಬೆಲೆ ಗೊತ್ತಿದ್ದು, ಮನೆಯವರಿಗೆ ಗೊತ್ತಿಲ್ಲದಿದ್ದರೆ ಹೇಳಿಬಿಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಐವತ್ತು ಡಾಲರಿಗೆ ಹೊಡೆದುಕೊಂಡೆ ಅಂತ ಬೀಗುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕೊಳ್ಳುವ ಆಸೆ ನಿಮಗಿದ್ದರೆ ನೀವೇ ಬೆಲೆ ಕಟ್ಟಬೇಡಿ. ಕೊಳ್ಳದ ಮೂರನೆಯವರ ಕೈಯಲ್ಲಿ ಲಿಖಿತ ಅಂದಾಜು ಕೊಡಿಸಿ. ವಾರಸುದಾರರು ನಾಲ್ಕು ಜನ ಇದ್ದರೆ ನಾಲ್ವರ ಒಪ್ಪಿಗೆಯೂ ಬರಹದಲ್ಲಿರಲಿ. ಒಬ್ಬ ಅಣ್ಣ ಹೂಂ ಅಂದ ಮಾತ್ರಕ್ಕೆ ತೆಗೆದುಕೊಂಡು ಹೋದರೆ ಮುಂದಿನ ಹಬ್ಬದಲ್ಲಿ ಜಗಳ ಖಂಡಿತ.

ಮಾರುವ ಮನಸ್ಸಿಲ್ಲದವರನ್ನು ಒತ್ತಾಯಿಸಬೇಡಿ. ಅವರ ಮನೆಯಲ್ಲೇ ಸರಿಯಾಗಿ ಇಡುವುದನ್ನು ಹೇಳಿಕೊಡಿ: ಅಟ್ಟದಿಂದ ಕೆಳಗೆ, ನೆಲಮಾಳಿಗೆಯಿಂದ ಮೇಲೆ ತಂದು, ಜನ ಓಡಾಡುವ ಕೋಣೆಯ ಒಳಗೋಡೆಯ ಬಳಿ. ಗಾಳಿಯ ತೇವ 45ರಿಂದ 55 ಶೇಕಡಾ ಇದ್ದರೆ ಒಳ್ಳೆಯದು. ಅಪರೂಪದ್ದನ್ನು ದಾನ ಕೊಡುವ ಮನಸ್ಸಿದ್ದರೆ ಓಕ್ಲಹೋಮ ಸಿಟಿಯಲ್ಲಿ ಬ್ಯಾಂಜೊಗೆಂದೇ ಅಮೆರಿಕನ್ ಬ್ಯಾಂಜೊ ಮ್ಯೂಸಿಯಂ ಇದೆ. ಮೊದಲು ಫೋಟೊ ಕಳಿಸಿ ಕೇಳಿ, ಹೇಳದೆ ಹೊತ್ತುಕೊಂಡು ಹೋಗಬೇಡಿ.

ಸಾಗಿಸುವ ಮುಂಚೆ

ಬಿರಡೆ, ನಟ್ಟು ಬೆಳ್ಳಗಿದ್ದರೆ ಅದು ಆನೆ ದಂತವಾ ಅಂತ ನೋಡಿ. ಎಷ್ಟೋ ಸಲ ಅದು ಎಲುಬು ಅಥವಾ ಸೆಲ್ಯುಲಾಯ್ಡ್ ಆಗಿರುತ್ತದೆ. ದಂತದ ಅಡ್ಡಸೀಳಿನಲ್ಲಿ ಗೆರೆಗಳು ಒಂದನ್ನೊಂದು ಕತ್ತರಿಸಿಕೊಂಡು ಹೋಗುತ್ತವೆ. ಸೆಲ್ಯುಲಾಯ್ಡಿನಲ್ಲಿ ಪಕ್ಕಪಕ್ಕ ಸಾಗುತ್ತವೆ. ಆಫ್ರಿಕದ ಆನೆ ದಂತದ ವ್ಯಾಪಾರಕ್ಕೆ ಅಮೆರಿಕದಲ್ಲಿ 2016ರ ಜುಲೈನಿಂದ ಬಿಗಿ ನಿರ್ಬಂಧ ಇದೆ. ನೂರು ವರ್ಷ ದಾಟಿದ ವಸ್ತುಗಳಿಗೂ, ತೀರಾ ಕಡಿಮೆ ದಂತ ಇರುವ ಹಳೆಯ ವಾದ್ಯಗಳಿಗೂ ವಿನಾಯಿತಿ ಇದೆ, ಆದರೆ ಅದನ್ನು ದಾಖಲೆಯಿಂದ ತೋರಿಸಬೇಕು. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾದಂಥ ರಾಜ್ಯಗಳಿಗೆ ತಮ್ಮದೇ ಕಾನೂನುಗಳಿವೆ. ಬ್ರಿಟನ್ನಿನಲ್ಲಿ 2022ರ ಜೂನ್‌ನಿಂದ ದಂತದ ಕಾಯಿದೆ ಜಾರಿಯಲ್ಲಿದೆ. ಬ್ರೆಜಿಲ್ ರೋಸ್‌ವುಡ್, ಆಮೆ ಚಿಪ್ಪು ಇದ್ದರೂ ದೇಶ ದಾಟಿಸಲು ಪರವಾನಗಿ ಬೇಕು. ಆ ರಸೀದಿ, ಫೋಟೊ, ಬರೆದಿಟ್ಟ ಕಥೆ ಈಗ ಕೆಲಸಕ್ಕೆ ಬರುತ್ತವೆ.

ಇನ್ನು ಕಟ್ಟುವುದು. ತಂತಿ ಸಡಿಲ ಮಾಡಿ, ಆದರೆ ಪೂರ್ತಿ ತೆಗೆಯಬೇಡಿ. ಕುದುರೆ ತೆಗೆದು ಬಟ್ಟೆಯಲ್ಲಿ ಸುತ್ತಿ ಖಾನೆಯಲ್ಲಿಡಿ. ದಂಡಿಯ ಕೆಳಗೆ, ತುದಿಯ ಕೆಳಗೆ ಮೆತ್ತೆ ಇರಲಿ. ಹಳೆಯ ರಟ್ಟಿನ ಪೆಟ್ಟಿಗೆ ಭಾರ ತಡೆಯುವುದಿಲ್ಲ. ವಾದ್ಯವನ್ನು ಹೊಸ ಗಟ್ಟಿ ಪೆಟ್ಟಿಗೆಯಲ್ಲಿ ಹಾಕಿ, ಹಳೆಯದನ್ನು ಜೊತೆಗೆ ಬೇರೆಯಾಗಿ ಒಯ್ಯಿರಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಊಟಕ್ಕೆ ಹೋಗಬೇಡಿ. ಆ ಶಾಖಕ್ಕೆ ಪ್ರಾಣಿಯ ಅಂಟು ಮೆತ್ತಗಾಗುತ್ತದೆ. ಮನೆ ತಲುಪಿದ ಮೇಲೂ ಪೆಟ್ಟಿಗೆಯನ್ನು ಒಂದು ದಿನ ಮುಚ್ಚಿಯೇ ಇಟ್ಟು, ಕೋಣೆಯ ಹವೆಗೆ ಹೊಂದಿಕೊಂಡ ಮೇಲೆ ತೆರೆಯಿರಿ.